ಆಪರೇಷನ್ ಮಾಡಿಸಿದ್ದು ತಪ್ಪಾಯ್ತಾ, ಡಾಕ್ಟ್ರೇ?

ಪ್ರಶ್ನೆ: ನನ್ನ ತಾಯಿಗೆ 91 ವರ್ಷ. ಬೆಂಗಳೂರಿನ ಹನುಮಂತನಗರದ ಹಳೇ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ತೂಕ 44 ಕೆಜಿ. ಬಿಪಿ ಇದೆ. ಹನ್ನೆರಡು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದರು, ಆಸ್ಪಿರಿನ್ ತಗೊಳ್ತಾರೆ. ಬೀಳುವ ತನಕ ಮನೆಯೊಳಗೆ ಗೋಡೆ ಹಿಡಿದು ತಾವೇ ಓಡಾಡುತ್ತಿದ್ದರು, ಪೇಪರ್ ಓದುತ್ತಿದ್ದರು, ದೇವರ ದೀಪ ಅವರೇ ಹಚ್ಚಬೇಕು. ಧನುರ್ಮಾಸದ ಪೂಜೆಗೆ ಅಂತ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರು. ಬಲಗಡೆ ತೊಡೆಮೂಳೆಯ ಕುತ್ತಿಗೆ ಮುರಿದಿದೆ, ಅರ್ಧ ಕೀಲು ಬದಲಾಯಿಸಬೇಕು ಎಂದರು. ಅಮೆರಿಕದಲ್ಲಿರುವ ತಮ್ಮ ಬರಲಿ ಅಂತ ಕಾದೆವು, ಮಧ್ಯೆ ಹೃದಯದ ಸ್ಕ್ಯಾನ್ ಎಕೋ ರಿಪೋರ್ಟಿಗೂ ತಡವಾಯಿತು. ಐದನೇ ದಿನ ಆಪರೇಷನ್ ಆಯಿತು. ಈಗ ಹನ್ನೆರಡು ದಿನ ಆಗಿದೆ, ಮನೆಗೆ ಬಂದಿದ್ದಾರೆ.

ಹಗಲು ಪರವಾಗಿಲ್ಲ. ಸಂಜೆಯಾದರೆ ಸಾಕು, ಹೊದಿಕೆಯ ಅಂಚು ಹಿಡಿದು ಅವರೆಕಾಳು ಹಿತುಕುವ ಹಾಗೆ ಹಿತುಕುತ್ತಾರೆ. 'ಇನ್ನೂ ಒಂದು ಮೊರ ಇದೆ, ಮಕ್ಕಳು ಸ್ಕೂಲಿಂದ ಬರ್ತಾರೆ' ಅನ್ನುತ್ತಾರೆ. ನನಗೀಗ 64. ಎದ್ದು ನಿಲ್ಲಿಸಲು ಹೋದರೆ ಅಳುತ್ತಾರೆ, ಅದಕ್ಕೆ ಮಲಗಿಸಿಯೇ ಇಟ್ಟಿದ್ದೇವೆ. 'ಸೊಂಟ ಮುರಿದ ಮುದುಕರು ವರ್ಷ ತುಂಬಿಸಲ್ಲ' ಅಂತ ನೆಂಟರು ಹೇಳುತ್ತಾರೆ. 'ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಕಟ್ಟಿಸಿದ್ದರೆ ಸಾಕಿತ್ತು' ಎಂದು ಸೋದರತ್ತೆ. ಒಳಗೆ ಸಿಮೆಂಟ್ ಹಾಕಿದ್ದಾರಂತೆ, ಅದೂ ಭಯ. ಅಮ್ಮ ಎಷ್ಟು ದಿನ ಇರುತ್ತಾರೆ? ಯುಗಾದಿ ಹೊತ್ತಿಗಾದರೂ ದೇವರ ಮನೆಗೆ ನಡೆದು ಹೋಗುತ್ತಾರಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವಾರು ಇವೆ. ಎಲ್ಲದರ ಕೆಳಗೆ ಕೂತಿರುವುದು ಒಂದೇ: ಈ ವಯಸ್ಸಿನಲ್ಲಿ ಅಮ್ಮನನ್ನು ನಾನೇ ಕಷ್ಟಕ್ಕೆ ತಳ್ಳಿದೆನಾ? ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ನನ್ನ ತಾಯಿಯಾಗಿದ್ದರೂ ಇದೇ ಆಪರೇಷನ್ ಮಾಡಿಸುತ್ತಿದ್ದೆ.

ನಾನು ಮೂಳೆ ಡಾಕ್ಟರ್ ಅಲ್ಲ. ವಯಸ್ಸಾದವರ ಆರೋಗ್ಯ ನೋಡುವ ಫಿಸಿಷಿಯನ್. ಮೂಳೆ ಡಾಕ್ಟರ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ಮೂರು ತಿಂಗಳು ನನ್ನಂಥವರ ಪಾಲು, ಅದಕ್ಕಿಂತ ಜಾಸ್ತಿ ನಿಮ್ಮ ಪಾಲು. ಹಾಗಾಗಿ ಆಗಿಹೋದದ್ದನ್ನು ಬೇಗ ಮುಗಿಸಿ, ಈಗ ಏನು ಮಾಡಬೇಕು ಅನ್ನುವುದರ ಮೇಲೆ ಹೆಚ್ಚು ಬರೆಯುತ್ತೇನೆ.

ಮೊದಲು ಪುತ್ತೂರು ಕಟ್ಟು. ಬೆಂಗಳೂರಿನಲ್ಲಿ ಈ ಬೋರ್ಡ್ ಇಲ್ಲದ ಬಡಾವಣೆ ಕಡಿಮೆ. ಅಲ್ಲಿಗೆ ಹೋಗುವವರನ್ನು ನಾನು ಬೈಯುವುದಿಲ್ಲ. ಮುಂಗೈ ಮೂಳೆ ಬಿರುಕು ಬಿಟ್ಟಾಗ ಹೊರಗಿನಿಂದ ಬಿಗಿದರೆ ಅಲುಗಾಡದೆ ಕೂಡಿಕೊಳ್ಳುವುದು ಉಂಟು. ಸೊಂಟದ ಕೀಲಿನ ಕಥೆ ಬೇರೆ. ಮೂಳೆಯ ಮೇಲೆ ದಪ್ಪ ಮಾಂಸಖಂಡಗಳಿವೆ. ಹೊರಗಿನ ಯಾವ ಕಟ್ಟೂ ಅದನ್ನು ಹಿಡಿದು ನಿಲ್ಲಿಸಲಾರದು. ಇನ್ನೊಂದು ತೊಂದರೆ ರಕ್ತದ್ದು. ನಿಮ್ಮ ಮನೆಯ ಮಹಡಿ ಟ್ಯಾಂಕಿಗೆ ಸಂಪಿನಿಂದ ನೀರು ಹತ್ತುವ ಪೈಪು ಗೋಡೆಗೆ ಅಂಟಿಕೊಂಡೇ ಹೋಗಿರುತ್ತದಲ್ಲ, ಹಾಗೆ ತೊಡೆಮೂಳೆಯ ತುದಿಯ ಗುಂಡಿನ ಭಾಗಕ್ಕೆ ಹೋಗುವ ರಕ್ತನಾಳಗಳು ಆ ಕುತ್ತಿಗೆಗೆ ಅಂಟಿಕೊಂಡು ಮೇಲೆ ಹೋಗುತ್ತವೆ. ಗೋಡೆ ಒಡೆದು ಸರಿದರೆ ಪೈಪೂ ಹೋಯಿತು. ರಕ್ತವಿಲ್ಲದ ಗುಂಡು ಕೂಡಿಕೊಳ್ಳುವುದಿಲ್ಲ. ಅದಕ್ಕೇ ಈ ವಯಸ್ಸಿನಲ್ಲಿ ಆ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸುತ್ತಾರೆ. ಕುತ್ತಿಗೆಗಿಂತ ಕೊಂಚ ಕೆಳಗೆ ಮುರಿದಿದ್ದರೆ ಅಲ್ಲಿ ರಕ್ತಕ್ಕೆ ಕೊರತೆ ಇಲ್ಲ. ಆಗ ಕೀಲು ಬದಲಾಯಿಸದೆ ರಾಡ್ ಹಾಕಿ ಹಿಡಿಸುತ್ತಾರೆ. ಪಕ್ಕದ ಮನೆಯವರಿಗೆ ರಾಡ್, ನಮಗ್ಯಾಕೆ ಕೀಲು ಅಂತ ಜನ ಕೇಳುವುದಕ್ಕೆ ಉತ್ತರ ಇಷ್ಟೇ.

ಸಿಮೆಂಟಿಗೂ ಹೆದರಬೇಡಿ. ಮನೆ ಕಟ್ಟುವ ಸಿಮೆಂಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಅಕ್ರಿಲಿಕ್. ಅಮ್ಮನಿಗೆ ಹಲ್ಲಿನ ಸೆಟ್ ಇದ್ದರೆ ಅದರ ಗುಲಾಬಿ ಭಾಗ ನೋಡಿ, ಹೆಚ್ಚುಕಡಿಮೆ ಅದೇ ಜಾತಿ. ಹಾಕುವ ಹೊತ್ತಿನಲ್ಲಿ ಕೆಲವರಿಗೆ ಬಿಪಿ ದಿಢೀರ್ ಇಳಿಯುತ್ತದೆ, ಆ ಅಪಾಯ ನಿಜ. ನಿಮ್ಮ ತಾಯಿ ಆ ಹೊತ್ತು ದಾಟಿ ಬಂದಾಗಿದೆ. ಟೊಳ್ಳಾದ ಮೂಳೆಗೆ ಸಿಮೆಂಟ್ ಇಲ್ಲದೆ ಕೀಲು ಕೂರಿಸಿದರೆ ಅದರ ಸುತ್ತ ಮತ್ತೆ ಮುರಿಯುವ ಸಂಭವ ಜಾಸ್ತಿ. ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಸಿಮೆಂಟ್ ಹಾಕಿಸಿಕೊಂಡವರೇ ಚೆನ್ನಾಗಿದ್ದರು.

ಇನ್ನು ಕಾದ ಐದು ದಿನ. ನೀವು ಕೇಳಿಲ್ಲ, ಆದರೂ ಬರೆದಿದ್ದೀರಿ. ಮನಸ್ಸಿನಲ್ಲಿ ಕೊರೆಯುತ್ತಿದೆ ಅಂತ ಕಾಣುತ್ತದೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಕಾಯದಿದ್ದರೆ ಒಳ್ಳೆಯದಿತ್ತು. ಸೊಂಟದ ಮೂಳೆ ಮುರಿದು ಆಸ್ಪತ್ರೆಗೆ ಬಂದವರಿಗೆ ಅದೇ ದಿನ ಅಥವಾ ಮಾರನೇ ದಿನ ಆಪರೇಷನ್ ಆಗಬೇಕು ಅನ್ನುವುದು ಬ್ರಿಟನ್ನಿನ ನಿಯಮ. ಹಾಗಂತ ಗಂಟೆಗಳ ಲೆಕ್ಕವೂ ಅಲ್ಲ. ಭಾರತವೂ ಸೇರಿ 17 ದೇಶಗಳಲ್ಲಿ ಸುಮಾರು 3,000 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ ಬಂತು. ಆರು ಗಂಟೆಯ ಆಸುಪಾಸಿನಲ್ಲಿ ಮಾಡಿದರೂ ಒಂದು ದಿನದ ಆಸುಪಾಸಿನಲ್ಲಿ ಮಾಡಿದರೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಮಾಡಿಸಿಕೊಂಡವರು ಬೇಗ ಎದ್ದು ನಿಂತರು, ತಲೆ ಗಲಿಬಿಲಿ ಆಗುವುದೂ ಅವರಲ್ಲಿ ಕಡಿಮೆ ಇತ್ತು. ಅಂದರೆ ಕೆಲವು ಗಂಟೆ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ದಿನಗಳು ಉರುಳಿದರೆ ಮಾತ್ರ ನೋವು, ನಿದ್ದೆಗೇಡು, ಕಫ, ಬೆನ್ನಿನ ಹುಣ್ಣು ಒಂದೊಂದಾಗಿ ಸೇರಿಕೊಳ್ಳುತ್ತವೆ.

ಬೆಂಗಳೂರಿನಲ್ಲಿ ಈ ತಡ ಹೇಗೆ ಆಗುತ್ತದೆ ಅಂತ ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮಗ ಫ್ಲೈಟ್ ಹತ್ತಿದ್ದಾನೆ, ಬರಲಿ. ನಾಳೆ ಅಮಾವಾಸ್ಯೆ. ಆಸ್ಪಿರಿನ್ ನಿಲ್ಲಿಸಿ ಐದು ದಿನ ಆಗಬೇಕು. ಎಕೋ ಆಗಬೇಕು, ಹೃದಯದ ಡಾಕ್ಟರ್ ನೋಡಬೇಕು. ಇದರಲ್ಲಿ ಆಸ್ಪಿರಿನ್ ಕಾರಣವೇ ಅಲ್ಲ, ಅದಕ್ಕಾಗಿ ಆಪರೇಷನ್ ಮುಂದೂಡುವ ಅಗತ್ಯ ಇಲ್ಲ. ರಕ್ತ ತೆಳುವಾಗಿಸುವ ಬೇರೆ ಕೆಲವು ಮಾತ್ರೆಗಳಿಗೆ ಒಂದೆರಡು ದಿನ ಕಾಯಬೇಕಾಗಬಹುದು. ಎಕೋ ಕೆಲವರಿಗೆ ಬೇಕು. ಆದರೆ ಅದು ಅರ್ಧ ಗಂಟೆಯ ಪರೀಕ್ಷೆ, ಎರಡು ದಿನದ್ದಲ್ಲ. ಮಗ ಬರಲಿ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಮಾತು: ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿ, ಆಪರೇಷನ್‌ಗೆ ಕಳಿಸಿ. ಬಂದ ಮೇಲೆ ಅಮ್ಮನನ್ನು ನಡೆಸುವ ಕೆಲಸ ಅವನಿಗಿರಲಿ.

ನಮ್ಮ ಕಡೆಯದೂ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ 88ರ ಅಜ್ಜಿಯೊಬ್ಬರನ್ನು ಎರಡು ದಿನ ರಾತ್ರಿಯಿಂದ ಸಂಜೆ ತನಕ ಉಪವಾಸ ಇಟ್ಟಿದ್ದರು. ಬೇರೆ ತುರ್ತು ಕೇಸ್ ಬಂದು ಥಿಯೇಟರ್ ಸಿಗಲಿಲ್ಲ. ನಾನೂ ರೌಂಡ್ಸ್‌ನಲ್ಲಿ ಇದ್ದೆ, ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಜ್ಜಿ ನನ್ನ ಕೈ ಹಿಡಿದು, "ಇದು ಯಾವ ಏಕಾದಶಿ, ಮುಗಿಯೋದೇ ಇಲ್ಲವಲ್ಲ?" ಅಂತ ಕೇಳಿದರು. ಆಪರೇಷನ್‌ಗೆ ಎರಡು ಗಂಟೆ ಮುಂಚಿನ ತನಕ ನೀರು ಕೊಡಬಹುದು. ಅವತ್ತಿನಿಂದ ಆಪರೇಷನ್ ಮುಂದಕ್ಕೆ ಹೋಯಿತು ಅಂದರೆ ನನ್ನ ಮೊದಲ ಪ್ರಶ್ನೆ "ಊಟ ಕೊಟ್ಟಿರಾ?" ಅಂತ.

ಅನಸ್ತೇಷಿಯಾ ತಡೆಯುತ್ತಾರಾ ಅನ್ನುವುದು ಇನ್ನೊಂದು ಹೆದರಿಕೆ. ಬೆನ್ನಿಗೆ ಕೊಡುವುದೇ ಒಳ್ಳೆಯದು, ಪೂರ್ತಿ ಮಲಗಿಸಿದರೆ ಏಳುವುದಿಲ್ಲ ಎಂದು ನಂಬಿದವರು ಬಹಳ. 2021ರಲ್ಲಿ ಬಂದ ಅಮೆರಿಕ, ಕೆನಡಾಗಳ 1,600 ರೋಗಿಗಳ ಅಧ್ಯಯನದಲ್ಲಿ ಎರಡೂ ಸಮ ಎಂದು ಕಂಡಿತು. ಬದುಕುಳಿಯುವುದರಲ್ಲೂ ನಡೆಯುವುದರಲ್ಲೂ. ಅದನ್ನು ಅನಸ್ತೇಷಿಯಾ ಡಾಕ್ಟರಿಗೆ ಬಿಟ್ಟುಬಿಡಿ.

ಈಗ ಕಷ್ಟದ ಪ್ರಶ್ನೆ. ಎಷ್ಟು ದಿನ ಇರುತ್ತಾರೆ?

ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸೊಂಟದ ಮೂಳೆ ಮುರಿದ ವಯಸ್ಸಾದವರಲ್ಲಿ ಒಂದು ವರ್ಷದೊಳಗೆ ಹತ್ತು ಜನರಲ್ಲಿ ಎರಡು ಮೂರು ಜನ ತೀರಿಕೊಳ್ಳುತ್ತಾರೆ. ತೊಂಬತ್ತು ದಾಟಿದವರಲ್ಲಿ ಮೂರು ನಾಲ್ಕು ಜನ. ಅಂದರೆ ತೊಂಬತ್ತು ದಾಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷ ದಾಟುತ್ತಾರೆ. 'ವರ್ಷ ತುಂಬಿಸಲ್ಲ' ಅನ್ನುವವರು ಈ ಭಾಗ ಹೇಳುವುದಿಲ್ಲ. ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಏನೂ ಮುರಿಯದಿದ್ದರೂ ಈ ವಯಸ್ಸಿನಲ್ಲಿ ವರ್ಷಕ್ಕೆ ಹತ್ತರಲ್ಲಿ ಒಬ್ಬಿಬ್ಬರು ಹೋಗುತ್ತಾರೆ. ಅಪಾಯ ವರ್ಷವಿಡೀ ಒಂದೇ ಸಮ ಇರುವುದೂ ಇಲ್ಲ. ಮೊದಲ ಮೂರು ತಿಂಗಳಲ್ಲಿ ಅತಿ ಹೆಚ್ಚು, ಆಮೇಲೆ ಇಳಿಯುತ್ತಾ ಹೋಗುತ್ತದೆ. ಗಂಡಸರಿಗಿಂತ ಹೆಂಗಸರು ಹೆಚ್ಚು ತಡೆದುಕೊಳ್ಳುತ್ತಾರೆ.

ಜೀವ ತೆಗೆಯುವುದು ಮುರಿದ ಮೂಳೆ ಅಲ್ಲ. ಹೆಚ್ಚಾಗಿ ನ್ಯುಮೋನಿಯಾ. ಇಲ್ಲವೇ ಹೃದಯ. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ಮೂತ್ರದ ಸೋಂಕು, ಬೆನ್ನಿನ ಹುಣ್ಣು ಆಮೇಲೆ. ಇವುಗಳಲ್ಲಿ ಬಹುಪಾಲು ಹುಟ್ಟುವ ಜಾಗ ಒಂದೇ, ಹಾಸಿಗೆ. ಅದಕ್ಕೇ ಆಪರೇಷನ್ ಮಾಡಿಸುವುದು ಮೂಳೆ ಸರಿ ಮಾಡುವುದಕ್ಕೆ ಅಂತ ನಾನು ಹೇಳುವುದಿಲ್ಲ. ಹಾಸಿಗೆ ಬಿಡಿಸುವುದಕ್ಕೆ ಅನ್ನುತ್ತೇನೆ. ಆಪರೇಷನ್ ಮಾಡಿಸಿ ಮತ್ತೆ ಹಾಸಿಗೆಯಲ್ಲೇ ಇಟ್ಟರೆ ಗಾಯ ಮಾತ್ರ ಉಳಿಯಿತು, ಲಾಭ ಹೋಯಿತು. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಸಾಲು ವಯಸ್ಸಿನದ್ದಲ್ಲ, ಸಿಮೆಂಟಿನದ್ದಲ್ಲ. 'ಅಳುತ್ತಾರೆ, ಅದಕ್ಕೆ ಮಲಗಿಸಿಯೇ ಇಟ್ಟಿದ್ದೇವೆ' ಅನ್ನುವುದು.

ಯಾರಿಗೂ ಆಪರೇಷನ್ ಬೇಡ ಎಂದು ನಾನು ಹೇಳುವುದೇ ಇಲ್ಲವೇ? ಹೇಳುತ್ತೇನೆ. ಆಗ ವಯಸ್ಸು ಕೇಳುವುದಿಲ್ಲ, "ಬೀಳುವ ಮುಂಚಿನ ತಿಂಗಳು ಹೇಗಿದ್ದರು?" ಅಂತ ಕೇಳುತ್ತೇನೆ. ಮೊದಲೇ ಹಾಸಿಗೆ ಹಿಡಿದಿದ್ದರು, ಮರೆವಿನ ಕಾಯಿಲೆ ಕೊನೆ ಹಂತದಲ್ಲಿತ್ತು, ತುತ್ತು ನುಂಗುತ್ತಿರಲಿಲ್ಲ ಅಂದರೆ ನೋವು ಮಾತ್ರ ತೆಗೆದು, ಸುಖವಾಗಿ ನೋಡಿಕೊಳ್ಳುವುದೂ ಸರಿಯಾದ ದಾರಿಯೇ. ನೆದರ್ಲೆಂಡ್ಸ್‌ನಲ್ಲಿ ವೃದ್ಧಾಲಯಗಳ ತೀರಾ ದುರ್ಬಲರಾದ ರೋಗಿಗಳ ಮನೆಯವರನ್ನು ಕೂರಿಸಿ ಎರಡೂ ದಾರಿ ವಿವರಿಸಿದರು. ಆಪರೇಷನ್ ಬೇಡ ಎಂದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ತಿಂಗಳೊಳಗೆ ತೀರಿಕೊಂಡರು. ಆದರೆ ಇದ್ದಷ್ಟು ದಿನದ ನೆಮ್ಮದಿ ಆಪರೇಷನ್ ಆದವರಿಗಿಂತ ಕಡಿಮೆ ಇರಲಿಲ್ಲ. ಆ ದಾರಿ ಹಿಡಿಯುವವರು ಇದನ್ನು ತಿಳಿದೇ ಹಿಡಿಯಬೇಕು. 'ಹಾಗೇ ಕೂಡಿಕೊಳ್ಳುತ್ತೆ ಬಿಡಿ' ಅಂತ ಅಲ್ಲ. ನಿಮ್ಮ ತಾಯಿ ಆ ಗುಂಪಿನವರಲ್ಲ. ಬೀಳುವ ತನಕ ಪೇಪರ್ ಓದಿ, ದೀಪ ಹಚ್ಚಿದವರು.

ಇನ್ನು ಸಂಜೆಯ ಅವರೆಕಾಳು. ಇದನ್ನು ಡೆಲಿರಿಯಂ ಅನ್ನುತ್ತೇವೆ. ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಆಪರೇಷನ್ ಆದ ಹಿರಿಯರಲ್ಲಿ ಇದು ಬಹಳ ಸಾಮಾನ್ಯ. ವಯಸ್ಸಾದ ಮೆದುಳು ತುಂಬಿದ ಬಿಎಂಟಿಸಿ ಬಸ್ಸಿನ ಹಾಗೆ, ಹೊರಗಿನಿಂದ ಇನ್ನೊಬ್ಬರು ಹತ್ತಿದರೂ ಒಳಗೆಲ್ಲ ತಳ್ಳಾಟ. ನೋವು, ಮಲಬದ್ಧತೆ, ಮೂತ್ರ ಕಟ್ಟಿದ್ದು, ನೀರು ಕಡಿಮೆಯಾದದ್ದು, ಸೋಡಿಯಂ ಇಳಿದದ್ದು, ಸೋಂಕು, ಹೊಸ ಮಾತ್ರೆ, ಯಾವುದೂ ಕಾರಣ ಆಗಬಹುದು. ಮೊದಲು ಇವನ್ನು ಹುಡುಕಿಸಿ. ಮೂತ್ರಕ್ಕೆ ಹಾಕಿದ ನಳಿಕೆ (ಕ್ಯಾತಿಟರ್) ಇನ್ನೂ ಇದ್ದರೆ ಯಾಕಿದೆ ಅಂತ ಕೇಳಿ, ತೆಗೆಸಿ. ಹೊಟ್ಟೆ ಎಷ್ಟು ದಿನದಿಂದ ಹೋಗಿಲ್ಲ ನೋಡಿ. ನೋವಿಗೆ ಟ್ರಮಡಾಲ್ ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದೇ ತಲೆ ಕೆಡಿಸುವುದುಂಟು. ಸೋಡಿಯಂ, ರಕ್ತದ ಪರೀಕ್ಷೆ ಈ ವಾರವೇ ಆಗಲಿ.

ಆಮೇಲೆ ಒಂದು ಸಣ್ಣ ವಿಷಯ. ಅಮ್ಮನ ಕನ್ನಡಕ ಎಲ್ಲಿದೆ? ಹಲ್ಲಿನ ಸೆಟ್, ಕಿವಿ ಮಷೀನ್ ಇದ್ದರೆ ಅವೆಲ್ಲಿ? ಆಪರೇಷನ್‌ಗೆ ಮುಂಚೆ ನರ್ಸ್ ತೆಗೆದು ಕೈಗೆ ಕೊಡುತ್ತಾರೆ. ಮನೆಯವರು ಕಳೆದುಹೋದೀತು ಅಂತ ಬೀರುವಿನಲ್ಲಿ ಬಳೆಯ ಜೊತೆ ಭದ್ರವಾಗಿ ಇಡುತ್ತಾರೆ. ಅಲ್ಲಿಗೆ ಆ ಜೀವಕ್ಕೆ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಮಬ್ಬುಗತ್ತಲೆಯಲ್ಲಿ ಗೊತ್ತಿಲ್ಲದ ಹೋಮ್ ನರ್ಸ್ ಬಂದು ಬಟ್ಟೆ ಎಳೆದರೆ ನೀವೂ ಕೂಗಿಕೊಳ್ಳುತ್ತೀರಿ, ಅಲ್ವಾ? ಕನ್ನಡಕ ಹಾಕಿಸಿ. ಹಗಲು ಕಿಟಕಿ ತೆಗೆದು ಬಿಸಿಲು ಬರುವ ಕಡೆ ಕೂರಿಸಿ. ಕಣ್ಣಿಗೆ ಬೀಳುವ ಕಡೆ ದೊಡ್ಡ ಅಕ್ಷರದ ಕ್ಯಾಲೆಂಡರ್, ಗಡಿಯಾರ ಇರಲಿ. ಸಂಜೆ ಆರಕ್ಕೇ ದೀಪ ಹಾಕಿ.

ಅವರೆಕಾಳು ಹಿತುಕುತ್ತಿದ್ದರೆ 'ಇಲ್ಲಮ್ಮ, ಅವರೆಕಾಯಿ ಎಲ್ಲೂ ಇಲ್ಲ' ಅಂತ ವಾದ ಮಾಡಬೇಡಿ. 'ಮಕ್ಕಳು ಬಂದಾಯ್ತು, ಊಟ ಆಯ್ತು' ಅನ್ನಿ. ನಿಜವೂ ಹೌದು, ಆ ಮಗು ನೀವೇ. ಹಗಲು ಹೊತ್ತು ಬೇಕಾದರೆ ಒಂದು ಹಿಡಿ ನೆನೆಸಿದ ಅವರೆಕಾಳನ್ನೇ ತಟ್ಟೆಗೆ ಹಾಕಿ ಕೊಡಿ, ಪಕ್ಕದಲ್ಲಿ ಕೂತಿರಿ. ಕೈಗೆ ಕೆಲಸ ಸಿಕ್ಕಿದರೆ ಮನಸ್ಸು ತಂಗುತ್ತದೆ. ಒಂದು ಮಾತ್ರ ಮಾಡಬೇಡಿ: ಮೆಡಿಕಲ್ ಶಾಪ್‌ನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದು. ಗಲಿಬಿಲಿ ಜಾಸ್ತಿ ಆಗುತ್ತದೆ, ಮತ್ತೆ ಬೀಳುತ್ತಾರೆ. ಬಹುತೇಕರಿಗೆ ಇದು ದಿನಗಳಲ್ಲಿ ಅಥವಾ ವಾರಗಳಲ್ಲಿ ತಿಳಿಯಾಗುತ್ತದೆ. ಕೆಲವರಲ್ಲಿ ಮೊದಲೇ ಒಳಗೊಳಗೆ ಶುರುವಾಗಿದ್ದ ಮರೆವು ಇದರಿಂದ ಹೊರಗೆ ಬರುತ್ತದೆ. ಕೂಗಾಡುವವರಿಗಿಂತ, ದಿನವಿಡೀ ಸುಮ್ನೆ ತೂಕಡಿಸುತ್ತಾ ಕರೆದರೂ ಕಣ್ಣು ಬಿಡದವರ ಬಗ್ಗೆ ನನಗೆ ಹೆದರಿಕೆ ಜಾಸ್ತಿ. ಅದೂ ಡೆಲಿರಿಯಂ. ಮನೆಯವರು 'ಪಾಪ, ವಿಶ್ರಾಂತಿ ತಗೋತಿದ್ದಾರೆ' ಅಂದುಕೊಳ್ಳುತ್ತಾರೆ.

ಎದ್ದು ನಿಲ್ಲಿಸುವ ವಿಷಯಕ್ಕೆ ಬರೋಣ. ಇಂಥ ಅರ್ಧ ಕೀಲು ಹಾಕಿದವರನ್ನು ಮಾರನೇ ದಿನವೇ ಪೂರ್ತಿ ಭಾರ ಊರಿಸಿ ನಿಲ್ಲಿಸಬಹುದು. 'ಮೂರು ತಿಂಗಳು ಕಾಲು ಊರಬಾರದು' ಅನ್ನುವುದು ಹಳೇ ಕಾಲದ ಮಾತು. ನಿಮ್ಮ ಸರ್ಜನ್ ಬೇರೆ ಕಾರಣಕ್ಕೆ ಬೇಡ ಎಂದು ಬರೆದುಕೊಟ್ಟಿದ್ದರೆ ಮಾತ್ರ ಅದನ್ನು ಪಾಲಿಸಿ. ಡಿಸ್ಚಾರ್ಜ್ ಚೀಟಿ ನೋಡಿ, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಹೇಗೆ ನಿಲ್ಲಿಸುವುದು? ಮುಕ್ಕಾಲು ಗಂಟೆ ಮುಂಚೆ ಡಾಕ್ಟರ್ ಬರೆದ ಪ್ಯಾರಾಸಿಟಮಾಲ್ ಕೊಡಿ. ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಐದು ನಿಮಿಷ. ಬಹಳ ದಿನ ಮಲಗಿದವರಿಗೆ ಎದ್ದ ತಕ್ಷಣ ಬಿಪಿ ಇಳಿದು ತಲೆ ಸುತ್ತುತ್ತದೆ. ಆ ಅಳುವಿನಲ್ಲಿ ಅರ್ಧ ಈ ತಲೆಸುತ್ತಿನ ಭಯ. ಮಂಚ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಅಲುಗಾಡದ ಮರದ ದಿಮ್ಮಿ ಕೊಟ್ಟು ಎತ್ತರಿಸಿ. ಸೊಂಟ ಮೊಣಕಾಲಿಗಿಂತ ಮೇಲಿರಬೇಕು. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಬರೀ ಸಾಕ್ಸ್ ಬೇಡ. ವಾಕರ್ ಮುಂದಿಡಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಭುಜ ನೋಯುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿದುಕೊಳ್ಳಿ. ಮೊದಲ ಎರಡು ಮೂರು ಸಲ ಫಿಸಿಯೋಥೆರಪಿಸ್ಟ್ ಇರಲೇಬೇಕು.

ಮಲ್ಲೇಶ್ವರದ ಒಬ್ಬ ಅಜ್ಜಿ ನೆನಪಾಗುತ್ತಾರೆ, ಆಗ ಅವರಿಗೆ 93. 'ನಿಲ್ಲಿ' ಎಂದರೆ ನಿಲ್ಲುತ್ತಿರಲಿಲ್ಲ. ನಮ್ಮ ಫಿಸಿಯೋ ಹುಡುಗಿ ಒಂದು ದಿನ ವಾರ್ಡ್ ಕಿಟಕಿಯ ಹತ್ತಿರ ಹೋಗಿ, "ಅಜ್ಜಿ, ಕೆಳಗೆ ಹೂವಿನವರು ಬಂದಿದ್ದಾರೆ, ಕನಕಾಂಬರ ಮೊಳ ಎಷ್ಟು ಕೇಳ್ಲಾ?" ಎಂದಳು. ಅಜ್ಜಿ ವಾಕರ್ ಹಿಡಿದು ಎದ್ದು ನಿಂತರು. ಮುಖ ಹಿಂಡಿತು, ಬೆರಳ ಗೆಣ್ಣು ಬೆಳ್ಳಗಾದವು, ಆದರೂ ನಿಂತರು. "ಅಷ್ಟೊಂದಾ? ಬೇಡ ಬಿಡು" ಅಂತ ಮತ್ತೆ ಕೂತರು. ಅವತ್ತಿನ ಲೆಕ್ಕ ಹದಿನೈದು ಸೆಕೆಂಡ್. ಅಷ್ಟು ಸಾಕು. ನಿಮಗೂ ಮೊದಲ ದಿನ ಅಷ್ಟೇ ಗುರಿ. ದಿನಕ್ಕೆ ಮೂರು ನಾಲ್ಕು ಸಲ. ಬೆಳಿಗ್ಗೆ ಕಾಫಿ ಕುರ್ಚಿಯಲ್ಲಿ ಕೂತೇ ಕುಡಿಯಬೇಕು ಅಂತ ಒಂದು ಕಟ್ಟುನಿಟ್ಟು ಮಾಡಿ.

ಕುರ್ಚಿಗೆ ಇನ್ನೊಂದು ಕಾರಣವೂ ಇದೆ. ಮಲಗಿದವರ ಬಾಯಿಗೆ ಚಮಚದಲ್ಲಿ ಗಂಜಿ ಬಿಡುವುದನ್ನು ಮನೆಮನೆಯಲ್ಲಿ ನೋಡುತ್ತೇನೆ. ಅದರಲ್ಲಿ ಒಂದೆರಡು ಗುಟುಕು ಶ್ವಾಸಕೋಶಕ್ಕೆ ಹೋಗುತ್ತದೆ. ನ್ಯುಮೋನಿಯಾ ಬರುವ ದಾರಿಗಳಲ್ಲಿ ಇದೂ ಒಂದು. ನೆಟ್ಟಗೆ ಕೂರಿಸಿ ತಿನ್ನಿಸಿ, ತಿಂದ ಮೇಲೂ ಅರ್ಧ ಗಂಟೆ ಕೂತಿರಲಿ.

ಏನು ತಿನ್ನಿಸುವುದು? ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಪಟ್ಟಿ: ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಗಂಜಿ. ಹಗುರ ಇರಲಿ ಅಂತ. ಇದರಲ್ಲಿ ಪ್ರೋಟೀನ್ ಹದಿನೈದು ಗ್ರಾಂ ಸಿಕ್ಕರೆ ಹೆಚ್ಚು. ನಿಮ್ಮ ತಾಯಿಯ ತೂಕಕ್ಕೆ ದಿನಕ್ಕೆ 50 ಗ್ರಾಂ ಮೇಲೆ ಬೇಕು. ಇಲ್ಲದಿದ್ದರೆ ದೇಹ ತೊಡೆಯ ಮಾಂಸವನ್ನೇ ಕರಗಿಸಿ ತಿನ್ನುತ್ತದೆ, ಆಮೇಲೆ ನಡೆಯುವುದು ಯಾವುದರಿಂದ? ಗಟ್ಟಿ ತೊವ್ವೆ ಮಾಡಿ, ತಿಳಿಸಾರು ಬಿಡಿ. ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ಪನೀರ್ ಪುಡಿ ಮಾಡಿ ಉಪ್ಪಿಟ್ಟಿಗೆ ಬೆರೆಸಿ. ರಾಗಿ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕುದಿಸಿ, ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಮನೆಯಲ್ಲಿ ಮೊಟ್ಟೆ ನಡೆಯುತ್ತಿದ್ದರೆ ದಿನಕ್ಕೆ ಎರಡು. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಕೆಲವು ಕಾವಲು ಮಾತು. ಹಿಮ್ಮಡಿಯ ಕೆಳಗೆ ದಿನಾ ನೋಡಿ. ಹುಣ್ಣು ಬೆನ್ನಿಗಿಂತ ಮುಂಚೆ ಅಲ್ಲೇ ಶುರುವಾಗುವುದುಂಟು. ಏರ್ ಬೆಡ್ ಇದ್ದರೂ ಮಗ್ಗುಲು ಬದಲಾಯಿಸಲೇಬೇಕು. ಆಪರೇಷನ್ ಆದ ಕಾಲಿಗೆ ಎಣ್ಣೆ ಹಚ್ಚಿ ಜೋರಾಗಿ ನೀವಿಸಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅಪಾಯ. ಹೆಪ್ಪುಗಟ್ಟದ ಹಾಗೆ ಕೊಟ್ಟ ಇಂಜೆಕ್ಷನ್ ಅಥವಾ ಮಾತ್ರೆ ಸಾಮಾನ್ಯವಾಗಿ ನಾಲ್ಕೈದು ವಾರ ಇರುತ್ತದೆ. ಮನೆಗೆ ಬಂದೆವು ಅಂತ ನಿಲ್ಲಿಸಬೇಡಿ. ಒಂದು ಕಾಲು ಮಾತ್ರ ಊದಿದರೆ, ದಿಢೀರ್ ಏದುಸಿರು ಬಂದರೆ, ಗಾಯ ಸೋರಿದರೆ, ಜ್ವರ ಬಂದರೆ, ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ತಿರುಗಿ ವಿಪರೀತ ನೋವಾದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಕೈಲಿ ಆಗುತ್ತದಾ ಅನ್ನುವುದನ್ನೂ ಯೋಚಿಸಿ. 64ನೇ ವಯಸ್ಸಿನಲ್ಲಿ ಎತ್ತಿ ಇಳಿಸಿ ನಿಮ್ಮ ಸೊಂಟ ಹಿಡಿದರೆ ಎರಡು ಮಂಚ ಆಗುತ್ತದೆ. ನಾಲ್ಕೈದು ವಾರ ಪುನಶ್ಚೇತನ ಕೇಂದ್ರದಲ್ಲಿ ಇಡುವುದು ಒಂದು ದಾರಿ. ದಿನಾ ಎರಡು ಹೊತ್ತು ಫಿಸಿಯೋ ಆಗುತ್ತದೆ. ಖರ್ಚು ಜಾಸ್ತಿ, ಹೊಸ ಜಾಗದಲ್ಲಿ ಗಲಿಬಿಲಿ ಕೆಲವು ದಿನ ಏರಬಹುದು. ಮನೆಯಲ್ಲೇ ಇಟ್ಟು ಫಿಸಿಯೋ ಕರೆಸುವುದು ಇನ್ನೊಂದು. ಗುರುತಿನ ಮುಖ, ಗುರುತಿನ ಊಟ. ಆದರೆ ಫಿಸಿಯೋ ಬರುವ ಮುಕ್ಕಾಲು ಗಂಟೆ ಬಿಟ್ಟು ಉಳಿದ ಹೊತ್ತು ಮಲಗಿಸಿಟ್ಟರೆ ಏನೂ ಉಪಯೋಗವಿಲ್ಲ. ಗಲಿಬಿಲಿ ಇರುವ ನಿಮ್ಮ ತಾಯಿಗೆ ನಾನು ಮನೆಯನ್ನೇ ಆರಿಸುತ್ತೇನೆ. ಹಗಲಿಗೊಬ್ಬರು ಕೆಲಸ ಗೊತ್ತಿರುವ ಕೇರ್‌ಟೇಕರ್ ಇರಲಿ. ತಮ್ಮನಿಗೆ ವಾಪಸ್ ಹೋಗುವ ಮುಂಚೆ ಈ ಖರ್ಚಿನ ಮಾತಾಡಿಬಿಡಿ.

ಮುಂದಿನ ಬೀಳುವಿಕೆ ತಪ್ಪಿಸುವುದೂ ಈಗಿನ ಕೆಲಸವೇ. ಒಂದು ಸೊಂಟ ಮುರಿದವರಿಗೆ ಇನ್ನೊಂದೂ ಮುರಿಯುವ ಸಂಭವ ಜಾಸ್ತಿ. ಮೂಳೆ ಇಷ್ಟು ಟೊಳ್ಳಾಗಿದೆ ಎನ್ನುವುದು ಈಗ ಗೊತ್ತಾಗಿದೆ, ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ ಅನ್ನುವ ಔಷಧಿ ಇದೆ. ಸೊಂಟದ ಆಪರೇಷನ್ ಆಗಿ 90 ದಿನದೊಳಗೆ ಇದನ್ನು ಪಡೆದವರಲ್ಲಿ ಹೊಸ ಮೂಳೆ ಮುರಿತ ಮೂರನೇ ಒಂದು ಭಾಗದಷ್ಟು, ಸಾವು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. 2007ರ ಅಧ್ಯಯನ ಅದು. ಇಷ್ಟು ಲಾಭ ಕೊಡುವ ಔಷಧಿಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಲು ಎಷ್ಟೋ ಕಡೆ ಮರೆತುಬಿಡುತ್ತಾರೆ. ಮೊದಲು ವಿಟಮಿನ್ ಡಿ ಸರಿ ಮಾಡಬೇಕು, ಕಿಡ್ನಿ ಪರೀಕ್ಷೆ ನೋಡಬೇಕು, ಕಿಡ್ನಿ ತೀರಾ ದುರ್ಬಲವಿದ್ದರೆ ಇದು ಬೇಡ. ಕೊಟ್ಟ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಮುಂದಿನ ಭೇಟಿಯಲ್ಲಿ ನೀವೇ ಕೇಳಿ.

ಬಿಪಿ ಮಾತ್ರೆಗಳನ್ನೂ ಮತ್ತೊಮ್ಮೆ ನೋಡಿಸಿ. ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ಅಳೆಯಲಿ. ನಿಂತಾಗ ಬಹಳ ಇಳಿದರೆ ಅವತ್ತು ನಾಲ್ಕೂವರೆಗೆ ಬಿದ್ದದ್ದಕ್ಕೆ ಕಾರಣ ಒದ್ದೆ ನೆಲ ಒಂದೇ ಅಲ್ಲ. ಬಚ್ಚಲಲ್ಲಿ ಗೋಡೆಗೆ ಹಿಡಿ ಹಾಕಿಸಿ. ಕಾಲೊರೆಸುವ ಬಟ್ಟೆ ಎತ್ತಿಡಿ. ರಾತ್ರಿ ಸಣ್ಣ ದೀಪ ಉರಿಯಲಿ, ಮಂಚದ ಪಕ್ಕ ಕಮೋಡ್ ಕುರ್ಚಿ ಇರಲಿ.

ಕೊನೆಗೆ ಯುಗಾದಿ. ಆಪರೇಷನ್ ಆದವರಲ್ಲಿ ಸುಮಾರು ಅರ್ಧ ಜನ ಮಾತ್ರ ಮೊದಲಿನಷ್ಟು ಓಡಾಡುತ್ತಾರೆ. ನಿಮ್ಮ ತಾಯಿ ಗೋಡೆ ಹಿಡಿದು ಒಬ್ಬರೇ ಓಡಾಡುತ್ತಿದ್ದವರು. ಇನ್ನು ಮುಂದೆ ವಾಕರ್ ಬೇಕಾಗಬಹುದು, ಪಕ್ಕದಲ್ಲಿ ಒಬ್ಬರು ಇರಬೇಕಾಗಬಹುದು. ಯುಗಾದಿಗೆ ಇನ್ನೂ ಎರಡು ತಿಂಗಳ ಮೇಲಿದೆ. ಇವತ್ತಿನಿಂದ ನಿಲ್ಲಿಸಲು ಶುರು ಮಾಡಿದರೆ, ನಡುವೆ ಸೋಂಕು ಏನೂ ಬರದಿದ್ದರೆ, ಮಂಚದಿಂದ ದೇವರ ಮನೆಯ ತನಕ ನಡೆಯುವುದು ಅತಿಯಾಸೆ ಅಲ್ಲ. ಆದರೆ ಮಣೆಯ ಮೇಲೆ ಕೂರುವ ಹಾಗಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ, ತಗ್ಗಿನ ಸೋಫಾ, ಭಾರತೀಯ ಶೌಚಾಲಯ, ಕಾಲ ಮೇಲೆ ಕಾಲು ಯಾವುದೂ ಬೇಡ, ಕೀಲು ಜಾರಬಹುದು. ಇವತ್ತು ಒಂದು ಕೆಲಸ ಮಾಡಿ. ದೇವರ ಮನೆಯ ಬಾಗಿಲ ಅಗಲ ಅಳೆಯಿರಿ, ವಾಕರ್ ಅಗಲವನ್ನೂ ಅಳೆಯಿರಿ. ಹಳೇ ಮನೆಗಳಲ್ಲಿ ಅದು ಒಳಗೆ ಹೋಗುವುದೇ ಇಲ್ಲ, ಮೇಲೆ ಹೊಸ್ತಿಲು ಬೇರೆ. ಹೋಗದಿದ್ದರೆ ದೀಪದ ಕಂಬವನ್ನು ಬಾಗಿಲ ಹತ್ತಿರ ಒಂದು ಎತ್ತರದ ಸ್ಟೂಲಿನ ಮೇಲಿಡಿ, ಹೊಸ್ತಿಲ ಈಚೆ ಕೈ ಇರುವ ಕುರ್ಚಿ ಹಾಕಿ. ರೇಷ್ಮೆ ಸೀರೆಯ ಸೆರಗು ಜಾರದ ಹಾಗೆ ಪಿನ್ ಮಾಡಿ, ಬೆಂಕಿಕಡ್ಡಿ ನೀವು ಗೀರಿ ಕೊಡಿ.